ಕಾಕಾ, ಟವೆಲ್‌ಗೆ ನಂಬರ್ ಯಾಕೆ?

ಕಾಕಾ, ಹಿಂದೆ ಗದ್ದಲ ಕೇಳಿಸಿದರೆ ಬೇಜಾರಾಗಬೇಡಿ, ಚಿಗರಿ ಬಸ್ಸಿನಲ್ಲಿದ್ದೇನೆ. ಈಗಷ್ಟೇ ನವಲೂರು ದಾಟಿತು. ದುರ್ಗದಬೈಲಿನ ಅಂಗಡಿಯಲ್ಲಿ ಎರಡು ಟವೆಲ್ ತೊಗೊಂಡಿದ್ದಕ್ಕೆ ಮೊಬೈಲ್ ನಂಬರ್ ಕೊಡಲೇಬೇಕು ಅಂದರಂತೆ, ಇದು ಸರಿನಾ ಅಂತ ಕೇಳಿದ್ದೀರಿ. ವೈನಿ 'ಕೊಟ್ರೆ ಏನು ಗಂಟು ಹೋಗುತ್ತೆ' ಅಂದಿದ್ದಾರೆ. ಇದಕ್ಕೆ ನಾನೇ ಉತ್ತರ ಕೊಡಬೇಕು. ಎರಡು ವರ್ಷ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತು ಊರವರ ನಂಬರೆಲ್ಲ ಕೇಳಿದವಳು ನಾನೇ ಅಲ್ವಾ?

ಬಿಲ್ ಮಾಡಲು ನಂಬರ್ ಬೇಕಾಗಿಲ್ಲ. ಗಿರಾಕಿ ಹಟ ಹಿಡಿದರೆ ನಾನು ಹತ್ತು ಸಲ ಒಂಬತ್ತು ಒತ್ತುತ್ತಿದ್ದೆ, ಬಿಲ್ ಸರಕ್ಕನೆ ಹೊರಗೆ! ನಂಬರ್ ಬೇಕಿದ್ದದ್ದು ಮಾಲೀಕರಿಗೆ. ಅದನ್ನು ಹೊಡೆದರೆ ಸಾಕು, ಹೋದ ದೀಪಾವಳಿಗೆ ಏನು ತೊಗೊಂಡಿದ್ದಿರಿ, ಎಷ್ಟಕ್ಕೆ, ಎಷ್ಟು ತಿಂಗಳಿಂದ ಬಂದಿಲ್ಲ, ಎಲ್ಲ ಪರದೆ ಮೇಲೆ ಬರುತ್ತಿತ್ತು. ಆರು ತಿಂಗಳು ಬಾರದವರದು ಬೇರೆ ಪಟ್ಟಿ. ಅದು ಮೆಸೇಜ್ ಕಳಿಸುವ ಏಜೆಂಟನ ಕೈಗೆ ಹೋಗುತ್ತಿತ್ತು. ಅಲ್ಲಿಂದ ಎಲ್ಲಿಗೆ ಹೋಯಿತೋ, ಕೇಳಿದವರಿಲ್ಲ. ಹಿಂದೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲೂ ನಮ್ಮ ಲೆಕ್ಕ ಇರುತ್ತಿತ್ತು. ಆದರೆ ಆ ಪುಸ್ತಕ ಗಲ್ಲಾ ಬಿಟ್ಟು ಏಳುತ್ತಿರಲಿಲ್ಲ.

ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ಕೇಳಿಕೊಂಡು ಬಂದವರಿಗೆ 'ಎಷ್ಟು ತಿಂಗಳು ಅಕ್ಕಾ?' ಅಂತ ನಗುತ್ತಾ ಕೇಳಬೇಕಿತ್ತು. ಉತ್ತರವನ್ನು ರಿಮಾರ್ಕ್ ಕಾಲಂನಲ್ಲಿ ಬರೆಯಬೇಕು. ತಿಂಗಳ ಲೆಕ್ಕ ಹಾಕಿ, 'ತೊಟ್ಟಿಲ ಕಾರ್ಯಕ್ಕೆ ಹೊಸ ಸ್ಟಾಕ್ ಬಂದಿದೆ' ಅಂತ ಮೆಸೇಜ್. ಒಮ್ಮೆ ಒಬ್ಬ ಅಜ್ಜಿ ಫೋನ್ ಹಿಡಿದುಕೊಂಡು ಕೌಂಟರಿಗೆ ಬಂದರು. ಕೂಸು ಉಳಿದಿರಲಿಲ್ಲ. ಬೈಯಲಿಲ್ಲ ಅವರು. 'ಸೊಸಿ ನೋಡೂದ್ರಾಗ ಇದನ್ನ ಹೆಂಗ ಅಳಸೂದು ಹೇಳವಾ' ಅಂದರು. ಫೋನಿನಿಂದ ಅಳಿಸಿಕೊಟ್ಟೆ. ನಮ್ಮ ಕಂಪ್ಯೂಟರಿನಿಂದ ಅಳಿಸಲು ನನಗೆ ಪರ್ಮಿಷನ್ ಇರಲಿಲ್ಲ.

ಇನ್ನು ಕಾನೂನು. ನಂಬರ್‌ಗಾಗಿ ಗಿರಾಕಿಯನ್ನು ಒತ್ತಾಯ ಮಾಡಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿ ಸಂಘಗಳಿಗೆ ಹೇಳಿದೆ. ನಂಬಿ ಕೊಟ್ಟ ಮಾಹಿತಿಯನ್ನು ಸುಮ್ನೆ ಇನ್ನೊಬ್ಬರಿಗೆ ದಾಟಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು. 'ನನ್ನದನ್ನು ಅಳಿಸಿ' ಅಂತ ಕೇಳುವ ಹಕ್ಕು 2023ರ ಡೇಟಾ ಕಾಯ್ದೆಯಲ್ಲಿದೆ. ಅದರ ನಿಯಮಗಳು ಬಂದಿದ್ದು 2025ರ ನವೆಂಬರಿನಲ್ಲಿ, ಮೇಲೆ ಈ ಹಕ್ಕು ಜಾರಿಗೆ ಬರಲು 18 ತಿಂಗಳ ಗಡುವು ಬೇರೆ. ನಮ್ಮಲ್ಲಿ ಎಲ್ಲ ಹೀಗೇ. ಬಂಗಾರದ ಬಿಲ್ 2 ಲಕ್ಷ ದಾಟಿದರೆ ಪ್ಯಾನ್ ಕೊಡಲೇಬೇಕು ವೈನಿ, ಅದು ಬೇರೆ ಮಾತು. ಟವೆಲ್‌ಗೆ ಏನು?

ಮುಂದಿನ ಸಲ 'ನಂಬರ್ ಇಲ್ಲದೇ ಬಿಲ್ ಮಾಡಿ' ಅನ್ನಿ, ಅಷ್ಟೇ. ಕೌಂಟರಿನ ಹುಡುಗಿ ಮೇಲೆ ಮಾತ್ರ ರೇಗಬೇಡಿ, ಅವಳಿಗೆ ದಿನಕ್ಕೆ ಇಷ್ಟು ನಂಬರ್ ಅಂತ ಟಾರ್ಗೆಟ್ ಇರುತ್ತದೆ. ಮಾಲೀಕರೇ ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಆಫರ್ ಮೆಸೇಜ್ ಜಾಸ್ತಿ ಆಗಿದ್ದರೆ 1909.

ಜುಬಿಲಿ ಸರ್ಕಲ್ ಬಂತು, ಇಳಿಯುತ್ತೇನೆ. ಟವೆಲ್ ಚೆನ್ನಾಗಿದ್ದರೆ ನನಗೂ ಎರಡು ತನ್ನಿ ಕಾಕಾ, ನಂಬರ್ ಕೊಡದೇ.