ವಾರಂಟಿ ಮುಗಿದ ಮೇಲೆ ಫೋನ್ ಕೆಟ್ಟರೆ ಯಾರನ್ನ ಕೇಳೋದು?

ತುಮಕೂರಿನಿಂದ ಬಂದ ಪ್ರಶ್ನೆ
72 ಸಾವಿರ ಕೊಟ್ಟು ಆನ್‌ಲೈನ್‌ನಲ್ಲಿ ತಗೊಂಡ ಫೋನ್. ಒಂದು ವರ್ಷದ ವಾರಂಟಿ ಮುಗಿದು ನಾಲ್ಕು ತಿಂಗಳಾಗಿದೆ. ರಾತ್ರಿ ಚಾರ್ಜಿಗೆ ಹಾಕಿದ್ದು ಬೆಳಿಗ್ಗೆ ಆನ್ ಆಗಲೇ ಇಲ್ಲ. ಬಿದ್ದಿಲ್ಲ, ನೀರು ತಾಗಿಲ್ಲ. ಮದರ್‌ಬೋರ್ಡ್ ಹೋಗಿದೆ, 38 ಸಾವಿರ ಆಗುತ್ತೆ ಅಂತಾರೆ ಸರ್ವಿಸ್ ಸೆಂಟರಿನವರು. ಇಂಥದ್ದಕ್ಕೆ ಗ್ರಾಹಕರ ಕೋರ್ಟಿಗೆ ಹೋದವರು ಇದ್ದರೆ ದಯವಿಟ್ಟು ಹೇಳಿ. ಹೋಗಿ ಪ್ರಯೋಜನ ಇದೆಯಾ?

ಶಿವಮೊಗ್ಗದಿಂದ
ಕೋರ್ಟಿನ ಮಾತು ಆಮೇಲೆ. ಮೊದಲು ಸರ್ವಿಸ್ ಸೆಂಟರಿನಿಂದ ಜಾಬ್ ಶೀಟ್ (ಫೋನಿಗೆ ಏನಾಗಿದೆ ಅಂತ ಅವರು ಬರೆದುಕೊಡೋ ಚೀಟಿ) ಕೈಗೆ ತಗೊಳ್ಳಿ. ಅದರಲ್ಲಿ 'ಮದರ್‌ಬೋರ್ಡ್ ದೋಷ, ಹೊರಗಿನ ಪೆಟ್ಟಿಲ್ಲ, ನೀರಿನ ಗುರುತಿಲ್ಲ' ಅಂತ ಬರೆಸಿ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅವರು 'ಆನ್ ಆಗ್ತಿಲ್ಲ' ಅಂತಷ್ಟೇ ಬರೆದು ಸಹಿ ಹಾಕಿ ಅಂತಾರೆ, ಒಪ್ಪಬೇಡಿ.

ಆಮೇಲೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರಿಗೆ ಆದೇಶ ಕೊಡೋ ಅಧಿಕಾರ ಇಲ್ಲ, ದೂರನ್ನ ಕಂಪನಿಗೆ ದಾಟಿಸ್ತಾರೆ ಅಷ್ಟೆ. ಆದರೂ ನಮ್ಮನೆಯವರ ಫೋನಿನ ಡಿಸ್‌ಪ್ಲೇ ವಾರಂಟಿ ಮುಗಿದ ಮೇಲೆ ಹೋದಾಗ, ಕೌಂಟರಿನಲ್ಲಿ 'ಆಗಲ್ಲ' ಅಂದಿದ್ದ ಕಂಪನಿಯೇ ಅಲ್ಲಿ ದೂರು ಹೋದ ಮೇಲೆ ತಾನಾಗಿ ಫೋನ್ ಮಾಡಿ, ಡಿಸ್‌ಪ್ಲೇ ಪುಕ್ಕಟೆ, ಕೂಲಿ ಮಾತ್ರ ಕೊಡಿ ಅಂತು. ಒಪ್ಪಿಕೊಂಡ್ವಿ.

ಮೈಸೂರಿನಿಂದ (ಗ್ರಾಹಕರ ಆಯೋಗದಲ್ಲಿ, ಅಂದರೆ ನೀವು ಹೇಳೋ ಗ್ರಾಹಕರ ಕೋರ್ಟಿನಲ್ಲಿ, ವಕೀಲಿಕೆ ಮಾಡ್ತೀನಿ)
ವಾರಂಟಿ ಅಂದರೆ ಕಂಪನಿ ತಾನಾಗಿ ಕೊಟ್ಟ ಮಾತು. ಅದರಾಚೆಗೂ ಕಾನೂನಿದೆ. ವಸ್ತು ಮಾರಾಟಕ್ಕೆ ತಕ್ಕ ಗುಣಮಟ್ಟದ್ದಾಗಿರಬೇಕು ಅನ್ನೋದು 1930ರ ಸರಕು ಮಾರಾಟ ಕಾಯ್ದೆಯಲ್ಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ದೋಷ' ಅಂದರೇನು ಅಂತ ಹೇಳಿರೋ ಕಡೆ ವಾರಂಟಿ ಅವಧಿಯ ಮಾತೇ ಬರಲ್ಲ. ಆದರೆ ವಾರಂಟಿಯೊಳಗೆ ಇದ್ದಿದ್ದರೆ ಕೆಟ್ಟಿದೆ ಅಂತ ತೋರಿಸಿದರೆ ಸಾಕಿತ್ತು. ಈಗ ಆ ದೋಷ ಕಾರ್ಖಾನೆಯಿಂದಲೇ ಬಂದದ್ದು ಅಂತ ನೀವು ತೋರಿಸಬೇಕು. ಇಡೀ ಕೇಸು ನಿಂತಿರೋದು ಇಲ್ಲೇ.

ದೂರು ಕೊಡೋದು ಸುಲಭ. ನೀವು ವಾಸ ಇರೋ ಊರಿನ ಜಿಲ್ಲಾ ಆಯೋಗ ಸಾಕು, ಅಂಗಡಿ ಎಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರೂ ಕಡ್ಡಾಯ ಅಲ್ಲ (ನನ್ನ ಹೊಟ್ಟೆಪಾಡಿಗೆ ವಿರುದ್ಧವಾಗಿ ಹೇಳ್ತಿದೀನಿ). ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ಅದಕ್ಕಿದ್ದ ಹಿಂದಿನ ಇ-ದಾಖಿಲ್ ವೆಬ್‌ಸೈಟ್ 2025ರಿಂದ ಇ-ಜಾಗೃತಿ ಆಗಿದೆ. ತಯಾರಕರು, ಮಾರಿದವರು, ಸರ್ವಿಸ್ ಸೆಂಟರ್ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನ ಬಿಟ್ಟರೆ ಉಳಿದವರು ಅವರ ಕಡೆಗೇ ಬೆರಳು ತೋರಿಸ್ತಾರೆ. ಕಾಲಮಿತಿ 2 ವರ್ಷ. ಎಂದಿನಿಂದ ಎಣಿಸಬೇಕು ಅಂತಲೇ ಅವರು ಜಗಳ ತೆಗೀತಾರೆ, ಹಾಗಾಗಿ ತಡ ಮಾಡಬೇಡಿ.

ನೋಟಿಸ್ ಮುಟ್ಟಿದ ಮೇಲೆ ಅವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. ಅದು ಮೀರಿದರೆ ಉತ್ತರ ತಗೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ದೊಡ್ಡ ಕಂಪನಿಗಳೂ ಇಲ್ಲಿ ಎಡವೋದುಂಟು. ತೀರ್ಪು 3 ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಬರಬೇಕು ಅನ್ನುತ್ತೆ ಕಾಯ್ದೆ. ಅದನ್ನ ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಡಿ.

ಹುಬ್ಬಳ್ಳಿಯಿಂದ
ವಕೀಲರು ಹೇಳಿದ್ದು ಖರೆ, ಆದ್ರ ಇನ್ನೊಂದು ಮಗ್ಗಲೂ ಕೇಳ್ರಿ. ನಮ್ಮ ತಮ್ಮನ ಕೇಸ್ ವಜಾ ಆತು. 'ವಾರಂಟಿ ಮುಗಿದದ, ತಯಾರಿಕೆ ದೋಷಕ್ಕ ತಜ್ಞರ ವರದಿ ಇಲ್ಲ' ಅಂತ ಎರಡ ಸಾಲು. ಲ್ಯಾಬಿಗೆ ಕಳಸ್ರಿ ಅಂತ ಅರ್ಜಿ ಹಾಕಬಹುದಿತ್ತು, ಆದ್ರ ಅದರ ಖರ್ಚು ಮೊದಲು ದೂರು ಕೊಟ್ಟಾವನ ಕಟ್ಟಬೇಕು. 12 ಸಾವಿರದ ಫೋನಿಗೆ ಅಷ್ಟ ಮಾಡೂದು ಬ್ಯಾಡ ಅಂತ ಬಿಟ್ಟ. ನಿಮ್ದು 72 ಸಾವಿರದ್ದು, ಲೆಕ್ಕ ಬ್ಯಾರೆ.

ತುಮಕೂರಿನಿಂದ
ದೂರು ಕೊಡೋಣ ಅಂತ ಬಿಲ್ ತೆಗೆದು ನೋಡಿದೆ, ಅದರಲ್ಲಿ ಐಎಂಇಐ ನಂಬರೇ (ಪ್ರತಿ ಫೋನಿಗೂ ಇರೋ ಗುರುತಿನ ನಂಬರ್) ಇಲ್ಲ. ಫೋನ್ ಆನ್ ಆಗಲ್ಲ, *#06# ಒತ್ತಿ ಆ ನಂಬರ್ ನೋಡೋಕೂ ಆಗಲ್ಲ.

ಮೈಸೂರಿನಿಂದ
ಡಬ್ಬದ ಮೇಲಿರುತ್ತೆ. ಕೆಲವು ಫೋನ್‌ಗಳಲ್ಲಿ ಸಿಮ್ ಟ್ರೇ ಮೇಲೂ ಇರುತ್ತೆ. ಜಾಬ್ ಶೀಟಿನಲ್ಲೂ ಅದೇ ನಂಬರ್ ಇದೆಯಾ ಅಂತ ತಾಳೆ ನೋಡಿ.

ಇಂಗ್ಲೆಂಡಿನ ಲೀಡ್ಸ್‌ನಿಂದ
ನಾನು ಮಂಡ್ಯದವಳು, ಈಗ ಇಲ್ಲಿದೀನಿ. ಇಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಕೇಳಬೇಕಾದ್ದು ಕಂಪನಿಯನ್ನಲ್ಲ, ಮಾರಿದ ಅಂಗಡಿಯನ್ನ. 6 ವರ್ಷದವರೆಗೂ ಕೇಸ್ ಹಾಕಬಹುದು. ಮೊದಲ 6 ತಿಂಗಳೊಳಗೆ ಕೆಟ್ಟರೆ ದೋಷ ಮೊದಲೇ ಇರಲಿಲ್ಲ ಅಂತ ಅಂಗಡಿಯವರೇ ತೋರಿಸಬೇಕು, ಆಮೇಲೆ ಆ ಹೊಣೆ ನಮ್ಮದು. ನನ್ನ ಫೋನ್ ಕೆಟ್ಟಾಗ ನಾನು ಸ್ವತಂತ್ರ ರಿಪೇರಿಯವರ ಹತ್ತಿರ ಪರೀಕ್ಷೆ ಮಾಡಿಸಿ ವರದಿ ಕಳಿಸಿದ ಮೇಲೆಯೇ ಅಂಗಡಿಯವರು ಸರಿಯಾಗಿ ಮಾತಾಡಿದ್ದು. ಈ ಕಾನೂನು ನಿಮಗೆ ಅನ್ವಯಿಸಲ್ಲ, ಆದರೆ ವರದಿಯ ತೂಕ ಎಲ್ಲಿದ್ದರೂ ಒಂದೇ ಅನ್ಸುತ್ತೆ.

ದಾವಣಗೆರೆಯಿಂದ (ಮೊಬೈಲ್ ರಿಪೇರಿ ಅಂಗಡಿ ನಂದು)
ಸರ್, ಎರಡು ವಿಷಯ. ಒಂದು, ಕೆಲವೊಮ್ಮೆ ಒಂದು ಮಾಡೆಲ್ಲಿನಲ್ಲೇ ದೋಷ ಇದ್ದರೆ ಕಂಪನಿಯೇ ವಾರಂಟಿ ಮುಗಿದಿದ್ದರೂ ಪುಕ್ಕಟೆ ರಿಪೇರಿ ಘೋಷಿಸುತ್ತೆ. ಆಪಲ್ 2021ರಲ್ಲಿ ಐಫೋನ್ 12ರ ಇಯರ್‌ಪೀಸಿಗೆ, 2024ರಲ್ಲಿ 14 ಪ್ಲಸ್‌ನ ಹಿಂದಿನ ಕ್ಯಾಮೆರಾಗೆ ಹಾಗೆ ಮಾಡಿತ್ತು. ಕೌಂಟರಿನಲ್ಲಿ ಇದನ್ನ ತಾವಾಗಿ ಹೇಳೋರು ಕಡಿಮೆ. ನಿಮ್ಮ ಮಾಡೆಲ್ ಹೆಸರು ಹಾಕಿ ಕಂಪನಿಯ ವೆಬ್‌ಸೈಟಿನಲ್ಲೇ ಹುಡುಕಿ. ಅದೇ ತೊಂದರೆ ಬೇರೆಯವರಿಗೂ ಆಗಿದ್ದರೆ ಅದನ್ನೂ ತೆಗೆದಿಟ್ಟುಕೊಳ್ಳಿ, ದೂರಿಗೆ ಲಗತ್ತಿಸೋಕೆ ಆಗುತ್ತೆ.

ಎರಡು, 'ಬೋರ್ಡ್ ಹೋಗಿದೆ' ಅಂದರೆ ಪೂರ್ತಿ ಹೋಗಿದೆ ಅಂತಲ್ಲ. ಸರ್ವಿಸ್ ಸೆಂಟರಿನವರು ಸಾಮಾನ್ಯವಾಗಿ ಚಿಪ್ ಲೆವೆಲ್ ಕೆಲಸ (ಬೋರ್ಡಿನ ಮೇಲೆ ಕೆಟ್ಟ ಬಿಡಿಭಾಗ ಮಾತ್ರ ಬದಲಿಸೋದು) ಮಾಡಲ್ಲ, ಇಡೀ ಬೋರ್ಡೇ ಬದಲಿಸ್ತಾರೆ. ಬರೀ ಪವರ್ ಐಸಿ (ಕರೆಂಟ್ ಹಂಚೋ ಚಿಪ್) ಹೋಗಿದ್ದರೆ ಅಥವಾ ಒಂದು ಕೆಪಾಸಿಟರ್ ಶಾರ್ಟ್ ಆಗಿದ್ದರೆ ನಮ್ಮಂಥವರು ನಾಲ್ಕೈದು ಸಾವಿರಕ್ಕೆ ಎಬ್ಬಿಸಿದ್ದೂ ಇದೆ. ಆದರೆ ಹೊರಗಿನವರು ಒಂದು ಸಲ ಬಿಚ್ಚಿದರೆ 'ಕೈ ಹಾಕಿದ್ದಾರೆ' ಅಂತ ಕಂಪನಿ ಕೈ ತೊಳ್ಕೊಳ್ಳುತ್ತೆ. ಕೇಸ್ ಹಾಕೋದಾದರೆ ನಮ್ಮ ಹತ್ತಿರ ತರಬೇಡಿ, ಹಾಗೇ ಇಡಿ. ಹಾಕಲ್ಲ ಅಂದರೆ 38 ಸಾವಿರ ಕೊಡೋ ಮೊದಲು ಒಂದು ಸಲ ತೋರಿಸಿ. ಮತ್ತೆ, ಫೋಟೊ ಬ್ಯಾಕಪ್ ಇದೆಯಾ ನೋಡ್ಕೊಳ್ಳಿ ಸರ್. ಬೋರ್ಡ್ ಬದಲಿಸಿದರೆ ಒಳಗಿದ್ದದ್ದೆಲ್ಲ ಹಳೇ ಬೋರ್ಡಿನ ಜೊತೆಗೇ ಹೋಗುತ್ತೆ, ಅದನ್ನ ವಾಪಸ್ ಕೊಡೋದು ಅಪರೂಪ.