ಬೇಸ್ ಆ್ಯಂಪ್ ಬಗ್ಗೆ ಪುಟ್ಟ ಕೇಳಿದ್ದಕ್ಕೆ

ಪುಟ್ಟಾ, ಬೆಳಿಗ್ಗೆ ನೀನು ಗುಂಪಿನಲ್ಲಿ ಹಾಕಿದ ಎರಡೂ ಫೋಟೋ ನೋಡಿದೆ. ಒಂದರಲ್ಲಿ, ಊರು ಬಿಟ್ಟು ಹೋಗುತ್ತಿರುವ ಯಾರೋ ಮಾರಲಿಟ್ಟ ಹಳೆಯ ಆಂಪೆಗ್ ಎಸ್‌ವಿಟಿ, ಅಂದರೆ ಗಾಜಿನ ಟ್ಯೂಬುಗಳಿಂದ, ಅಂದರೆ ವಾಲ್ವ್‌ಗಳಿಂದ ಕೆಲಸ ಮಾಡುವ ಬೇಸ್ ಗಿಟಾರ್ ಆ್ಯಂಪ್, ಅದರ ಕೆಳಗೆ ಹತ್ತು ಇಂಚಿನ ಎಂಟು ಸ್ಪೀಕರ್‌ಗಳಿರುವ ಬೀರುವಿನಂಥ ಕ್ಯಾಬಿನೆಟ್. ಇನ್ನೊಂದರಲ್ಲಿ 500 ವಾಟ್ ಎಂದು ಬರೆದಿರುವ ಹೊಸ ಹಗುರ ಹೆಡ್, ಅಂದರೆ ಸ್ಪೀಕರ್ ಇಲ್ಲದ ಬರೀ ಆ್ಯಂಪಿನ ಪೆಟ್ಟಿಗೆ, ಜೊತೆಗೆ ಎಂಟು ಇಂಚಿನ ಒಂದೇ ಸ್ಪೀಕರಿನ ಪುಟಾಣಿ ಕ್ಯಾಬಿನೆಟ್. ಎರಡು ಜೋಡಿಯೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಬೀಳುತ್ತವೆ, ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದ್ದೀಯ. ಮಧ್ಯಾಹ್ನದೊಳಗೆ ಮನೆಮಂದಿಯೆಲ್ಲ ತೀರ್ಪು ಕೊಟ್ಟೂ ಆಗಿದೆ. ಭಾವ, "ತೂಕ ಇರುವುದೇ ಬಾಳಿಕೆ ಬರುವುದು" ಎಂದಿದ್ದಾರೆ. ದೊಡ್ಡಪ್ಪ, "ವಾಲ್ವ್ ಎದುರಿಗೆ ಟ್ರಾನ್ಸಿಸ್ಟರ್ ಯಾವ ಲೆಕ್ಕ" ಎಂದಿದ್ದಾರೆ. ಅಕ್ಕ, "ಯಾವುದರಲ್ಲಿ ಸದ್ದು ಕಡಿಮೆಯೋ ಅದು" ಎಂದಿದ್ದಾಳೆ. ಬೇಸ್ ಹೊತ್ತುಕೊಂಡು ಈ ಊರಿನ ಸಭಾಂಗಣ, ಪೆಂಡಾಲು, ಪಬ್ಬುಗಳನ್ನೆಲ್ಲ ಸುತ್ತಿದವಳು ಈ ಗುಂಪಿನಲ್ಲಿ ನಾನೊಬ್ಬಳೇ. ಹಾಗಾಗಿ ನನ್ನದೂ ಒಂದು ಮಾತು ಇರಲಿ. ಇದನ್ನೆಲ್ಲ ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಅದಕ್ಕೇ ಮಾತಿನಲ್ಲೇ ಹೇಳಿ ಕಳಿಸುತ್ತಿದ್ದೇನೆ. ಉದ್ದವಾಗುತ್ತದೆ, ಕೈಕೆಲಸ ಮಾಡಿಕೊಂಡೇ ಕೇಳಿ.

ಮೊದಲೇ ಹೇಳಿಬಿಡುತ್ತೇನೆ: ಹಗುರದ ಹೆಡ್ ತೆಗೆದುಕೋ. ಆದರೆ ಫೋಟೋದಲ್ಲಿರುವ ಆ ಪುಟಾಣಿ ಕ್ಯಾಬಿನೆಟ್ ಬೇಡವೇ ಬೇಡ.

ದೊಡ್ಡಪ್ಪ, ನೀವು ಬೇಸರ ಮಾಡಿಕೊಳ್ಳಬೇಡಿ. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ 1960ರ ದಶಕದಲ್ಲೇ ರೇಡಿಯೋ ವಾಲ್ವ್ ತಯಾರಾಗುತ್ತಿದ್ದವು, ನೀವು ಅವುಗಳ ನಡುವೆಯೇ ಕೆಲಸ ಮಾಡಿದವರು. ನಿಮಗೆ ಇಸಿಸಿ83 ಎಂದು ಗೊತ್ತಿರುವ ವಾಲ್ವನ್ನೇ ಈ ಹುಡುಗರು ಅಮೆರಿಕದ ಹೆಸರಿನಲ್ಲಿ 12ಎಎಕ್ಸ್7 ಎಂದು ಕರೆದು ಪೂಜೆ ಮಾಡುತ್ತಾರೆ. ವಾಲ್ವಿನ ದನಿ ಚೆನ್ನಾಗಿರುತ್ತದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಮಿತಿ ಮೀರಿ ಒತ್ತಿದಾಗ ಅದು ತಟಕ್ಕನೆ ಕತ್ತರಿಸುವುದಿಲ್ಲ, ಮೆಲ್ಲಗೆ ಬಾಗುತ್ತದೆ. ಹಾಗೆ ಬಾಗುವಾಗ ಮೂಲ ಸ್ವರದ ಮೇಲೆ ಒಂದಷ್ಟು ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ಬೇಸ್‌ನ ದಪ್ಪ ತಂತಿ 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಅಷ್ಟು ಕೆಳಗಿನ ಸ್ವರವನ್ನು ಕಿವಿ ಹಿಡಿಯುವುದೇ ಕಷ್ಟ. ಮೇಲಿನ ಉಪಸ್ವರಗಳಿದ್ದರೆ ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ವಾಲ್ವ್ ಬೇಸ್ "ದುಂಡಗೆ" ಕೇಳುತ್ತದೆ ಎನ್ನುವವರು ಸುಮ್ಮನೆ ಹೇಳುತ್ತಿಲ್ಲ. 300 ವಾಟ್‌ನ ವಾಲ್ವ್ ಹೆಡ್ಡು 500 ವಾಟ್‌ನ ಹಗುರ ಹೆಡ್ಡಿಗಿಂತ ಎಷ್ಟೋ ಸಲ ಜೋರಾಗಿ ಕೇಳಿಸುವುದಕ್ಕೂ ಇದೇ ಕಾರಣ. ಹಗುರದ್ದು ಮಿತಿ ತಲುಪಿದರೆ ಒಳಗಿನ ಲಿಮಿಟರ್ ಅದರ ಕುತ್ತಿಗೆ ಹಿಡಿಯುತ್ತದೆ. ವಾಲ್ವ್ ಮಿತಿ ದಾಟಿಯೂ ಸಂಗೀತವಾಗಿಯೇ ಉಳಿಯುತ್ತದೆ.

ಆದರೆ ಪುಟ್ಟಾ, ಎಸ್‌ವಿಟಿ ಹುಟ್ಟಿದ್ದು ಯಾಕೆಂದು ತಿಳಿದುಕೋ. ಅದು ಬಂದದ್ದು 1969ರಲ್ಲಿ. ಆ ವರ್ಷ ರೋಲಿಂಗ್ ಸ್ಟೋನ್ಸ್‌ನವರು ಅಮೆರಿಕ ಪ್ರವಾಸದಲ್ಲಿ ಅದನ್ನು ಬಳಸಿದರು. ಅಂದಿನ ಪಿಎಗೆ, ಅಂದರೆ ಜನರ ಕಡೆಗೆ ತಿರುಗಿಸಿದ ದೊಡ್ಡ ಸ್ಪೀಕರ್‌ಗಳಿಗೆ, ಗಾಯಕರ ದನಿಯನ್ನು ದೊಡ್ಡ ಒಳಾಂಗಣದ ಹಿಂದಿನ ಸಾಲಿಗೆ ಮುಟ್ಟಿಸುವುದೇ ಸಾಹಸವಾಗಿತ್ತು. ಬೇಸ್ ಅನ್ನು ಜನರಿಗೆ ಮುಟ್ಟಿಸುವ ಕೆಲಸ ವೇದಿಕೆಯ ಮೇಲಿದ್ದ ಆ್ಯಂಪಿನದೇ. ಅದಕ್ಕಾಗಿಯೇ ಅಷ್ಟು ದೊಡ್ಡದು: ಆರು ಪವರ್ ವಾಲ್ವ್, 300 ವಾಟ್, ಎಂಟು ಸ್ಪೀಕರ್. ಅದೇ ರೋಲಿಂಗ್ ಸ್ಟೋನ್ಸ್ 2003ರಲ್ಲಿ ನಮ್ಮ ಅರಮನೆ ಮೈದಾನಕ್ಕೆ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ಮೈದಾನದಷ್ಟು ಜನಕ್ಕೆ ಬೇಸ್ ಕೇಳಿಸುವುದು ಪಿಎಯಿಂದ, ಬೆನ್ನ ಹಿಂದಿನ ಆ್ಯಂಪಿನಿಂದಲ್ಲ.

ನೀನು ನುಡಿಸುವ ಜಾಗಗಳೂ ಹಾಗೆಯೇ. ಇಂದಿರಾನಗರದ ಪಬ್ಬಿರಲಿ, ಕೋರಮಂಗಲದ್ದಿರಲಿ, ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನವೇ ಇರಲಿ, ಸೌಂಡ್ ಎಂಜಿನಿಯರ್ ಬಂದವರೇ ಮೊದಲು ಕೇಳುವುದು "ಡಿಐ ಔಟ್ ಎಲ್ಲಿದೆ" ಎಂದು. ನಿನ್ನ ಹೆಡ್ಡಿನ ಆ ಡಿಐ ಕಿಂಡಿಯಿಂದ ಒಂದು ಕೇಬಲ್ ನೇರ ಅವರ ಮಿಕ್ಸರಿಗೆ, ಅಲ್ಲಿಂದ ಪಿಎಗೆ ಹೋಗುತ್ತದೆ, ಜನ ಕೇಳುವುದು ಅದನ್ನು. ಅದೂ ಬಹಳ ಸಲ ಪವರ್ ವಾಲ್ವ್‌ಗಳಿಗೂ ಮುಂಚಿನ ಹಂತದಿಂದಲೇ ತೆಗೆದ ದನಿ. ಅಂದರೆ ನೂರು ಕಿಲೋ ಹೊತ್ತು ತಂದ ವೈಭವವನ್ನು ಕೇಳುವವರು ನೀನು, ನಿನ್ನ ಡ್ರಮ್ಮರ್, ಮುಂದಿನ ಮೇಜಿನಲ್ಲಿ ಕುಳಿತು "ಸ್ವಲ್ಪ ಕಡಿಮೆ ಮಾಡಿ" ಎಂದು ಕೈ ಆಡಿಸುವ ಒಬ್ಬ ಗ್ರಾಹಕ. ಅಷ್ಟೇ.

ನೂರು ಕಿಲೋ ಎಂದದ್ದು ಬಾಯಿಮಾತಿಗಲ್ಲ. ಆ ಬಗೆಯ ಹೆಡ್ ಒಂದೇ ಸುಮಾರು 36 ಕಿಲೋ, ಎಂಟು ಸ್ಪೀಕರಿನ ಕ್ಯಾಬಿನೆಟ್ 60 ಕಿಲೋ ದಾಟುತ್ತದೆ. ನಿಮ್ಮ ಗಿರಿನಗರದ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ನೀವು ನುಡಿಸುವ ಪಬ್ಬುಗಳೆಲ್ಲ ತಾರಸಿಯ ಮೇಲೆ, ಅಲ್ಲಿ ಲಿಫ್ಟ್ ಇದ್ದರೂ ಅದು ಗ್ರಾಹಕರಿಗೆ, ನಮಗೆ ಅಡುಗೆಮನೆ ಪಕ್ಕದ ಮೆಟ್ಟಿಲು. ಮೆಟ್ರೋದಲ್ಲಿ ಇದನ್ನು ಒಳಗೆ ಬಿಡುವುದಿಲ್ಲ. ಆಟೋದವರು ಕ್ಯಾಬಿನೆಟ್ ನೋಡಿದ ತಕ್ಷಣ ಮೀಟರ್ ಮರೆಯುತ್ತಾರೆ. ಕೊನೆಗೆ ಪ್ರತಿ ಕಾರ್ಯಕ್ರಮಕ್ಕೂ ಒಂದು ಟೆಂಪೋ, ಹೊರಲು ಇಬ್ಬರು. ಪಬ್ಬಿನವರು ಕೊಡುವ ದುಡ್ಡನ್ನು ನಾಲ್ವರು ಹಂಚಿಕೊಂಡ ಮೇಲೆ ನಿನ್ನ ಪಾಲಿಗೆ ಉಳಿಯುವುದೆಷ್ಟು, ನೀನೇ ಲೆಕ್ಕ ಹಾಕು. ಬೆನ್ನಿನ ವಿಷಯ ನಾನು ಹೇಳುವುದಿಲ್ಲ, ಅಕ್ಕ ಹೇಳುತ್ತಾಳೆ.

ಭಾವ, ತೂಕಕ್ಕೂ ಬಾಳಿಕೆಗೂ ನೀವು ಗಂಟು ಹಾಕಿದ್ದೀರಿ. ಅದರಲ್ಲಿ ಅರ್ಧ ನಿಜ. ಆ ತೂಕವೆಲ್ಲ ಎಲ್ಲಿಂದ ಬಂತೆಂದರೆ ಎರಡು ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಿಂದ. ಒಂದು, ಗೋಡೆಯ 230 ವೋಲ್ಟ್ ಅನ್ನು ಏರಿಸಿ ಕೊಡುವುದಕ್ಕೆ. ಇನ್ನೊಂದು, ಸಾವಿರಾರು ಓಮ್ ತಡೆ ಬೇಡುವ ವಾಲ್ವಿಗೂ ನಾಲ್ಕು ಓಮ್‌ನ ಸ್ಪೀಕರಿಗೂ ಹೊಂದಾಣಿಕೆ ಮಾಡಿಸುವುದಕ್ಕೆ. 50 ಹರ್ಟ್ಸ್ ಕರೆಂಟಿನಲ್ಲಿ ಕೆಲಸ ಮಾಡಬೇಕಾದ್ದರಿಂದ ಕಬ್ಬಿಣ ಅಷ್ಟು ಬೇಕೇ ಬೇಕು. ಹಗುರ ಹೆಡ್ಡಿನಲ್ಲಿರುವುದು ನಿಮ್ಮ ಮೊಬೈಲ್ ಚಾರ್ಜರಿನ ವಿದ್ಯೆಯೇ. ಕರೆಂಟನ್ನು ಮೊದಲು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಮಿಡಿಸುತ್ತಾರೆ, ಆಗ ಅಂಗೈಯಲ್ಲಿ ಹಿಡಿಸುವ ಟ್ರಾನ್ಸ್‌ಫಾರ್ಮರ್ ಸಾಕಾಗುತ್ತದೆ. ದನಿ ವರ್ಧಿಸುವ ಭಾಗ ಕ್ಲಾಸ್ ಡಿ, ಅಲ್ಲಿ ಟ್ರಾನ್ಸಿಸ್ಟರ್‌ಗಳು ಪೂರ್ತಿ ತೆರೆದಿರುತ್ತವೆ ಇಲ್ಲವೇ ಪೂರ್ತಿ ಮುಚ್ಚಿರುತ್ತವೆ. ನಡುವೆ ನಿಂತು ಬಿಸಿಯಾಗುವ ಪ್ರಶ್ನೆಯೇ ಕಡಿಮೆ, ನೂರಕ್ಕೆ ತೊಂಬತ್ತರಷ್ಟು ಶಕ್ತಿ ಸ್ಪೀಕರಿಗೇ ಹೋಗುತ್ತದೆ. ಎರಡು ಮೂರು ಕಿಲೋ ತೂಕ ಎಂದರೆ ಮೋಸವಲ್ಲ.

ನಿಮ್ಮ ಮಾತಿನ ನಿಜವಾದ ಅರ್ಧ ಯಾವುದೆಂದರೆ ರಿಪೇರಿ. 1970ರ ದಶಕದ ಎಸ್‌ವಿಟಿಗಳು ಇಂದಿಗೂ ನುಡಿಯುತ್ತಿವೆ, ಏಕೆಂದರೆ ಒಂದೊಂದು ಬಿಡಿಭಾಗವನ್ನೂ ಬಿಚ್ಚಿ ಬೆಸುಗೆ ಹಾಕಿ ಬದಲಾಯಿಸಬಹುದು. ಹಗುರ ಹೆಡ್ ಕೆಟ್ಟರೆ ಬಹಳ ಸಲ ಇಡೀ ಬೋರ್ಡನ್ನೇ ಬದಲಿಸಬೇಕು, ಕಂಪನಿ ಆ ಬೋರ್ಡನ್ನು ನಿಲ್ಲಿಸಿದರೆ ಹೆಡ್ ಕಾಗದದ ಮೇಲಿಡುವ ಭಾರಕ್ಕೆ ಸರಿ. ಇದನ್ನು ಮುಚ್ಚಿಡುವುದಿಲ್ಲ. ಆದರೆ ವಾಲ್ವ್ ಕಡೆಯ ಖರ್ಚನ್ನೂ ನೋಡಿ. ಆರು ಪವರ್ ವಾಲ್ವ್‌ಗಳು ಒಂದಕ್ಕೊಂದು ಹೊಂದುವ ಸೆಟ್ ಆಗಿರಬೇಕು. ಬಿಇಎಲ್ ಕಾಲ ಹೋಯಿತು, ಈಗ ಅವು ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಬರಬೇಕು. ಒಂದು ಸೆಟ್ಟಿಗೆ ಹತ್ತಾರು ಸಾವಿರ ರೂಪಾಯಿ, ಹಾಕಿದ ಮೇಲೆ ಬಯಾಸ್, ಅಂದರೆ ವಾಲ್ವಿನಲ್ಲಿ ಹರಿಯುವ ಕರೆಂಟಿನ ಮಟ್ಟ, ಹೊಂದಿಸಲು ತಿಳಿದವರು ಬೇಕು. ಎಸ್.ಪಿ. ರಸ್ತೆಯಲ್ಲಿ ರೆಸಿಸ್ಟರ್, ಕೆಪಾಸಿಟರ್ ಸಿಗಬಹುದು, ತಿಳಿದ ಕೈ ಸಿಗುವುದು ಕಷ್ಟ. ಇನ್ನು ನಿಮ್ಮ ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಮನೆಯಲ್ಲಿ ಏನೂ ಮುಚ್ಚಿದ್ದು ಮುಚ್ಚಿದಂತೆ ಇರುವುದಿಲ್ಲ ಎಂದು ನನಗೆ ಗೊತ್ತು. ಭಾವ, ಅದರೊಳಗೆ 700 ವೋಲ್ಟ್ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಉಳಿದಿರುತ್ತದೆ. ಪುಟ್ಟ ಅದನ್ನೇ ತಂದರೂ ನೀವು ಮುಟ್ಟುವಂತಿಲ್ಲ.

ಅಕ್ಕ ಕೇಳಿದ ಸದ್ದಿನ ಪ್ರಶ್ನೆ ತಮಾಷೆಯದಲ್ಲ. ವಾಲ್ವ್ ಆ್ಯಂಪ್ ಸೊಗಸಾಗಿ ನುಡಿಯುವುದು ಅದನ್ನು ಒತ್ತಿದಾಗ. 300 ವಾಟ್ ಒತ್ತಿದರೆ ಗಿರಿನಗರವೇ ಎದ್ದು ಕೂರುತ್ತದೆ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ ಹತ್ತರ ಮೇಲೆ 45. ಅಂದರೆ ಮನೆಯಲ್ಲಿ ಆ ದನಿಯನ್ನು ನೀನು ಒಮ್ಮೆಯೂ ಕೇಳುವುದಿಲ್ಲ, ಕೇಳುವುದು ಅದರ ಫ್ಯಾನಿನ ಸದ್ದನ್ನು.

ಈಗ ಕ್ಯಾಬಿನೆಟ್ಟಿನ ವಿಷಯ. ನಿಮ್ಮ ವಯಸ್ಸಿನವರೆಲ್ಲ ಎಡವುವುದು ಇಲ್ಲಿ, ಹೆಡ್ ಬಗ್ಗೆ ತಿಂಗಳುಗಟ್ಟಲೆ ವಾದ ಮಾಡಿ ಉಳಿದ ಚಿಲ್ಲರೆಯಲ್ಲಿ ಸ್ಪೀಕರ್ ತರುತ್ತೀರಿ. ಗಾಳಿ ಅಲುಗಾಡಿಸುವುದು ಸ್ಪೀಕರ್. ವಾಟ್ ಎರಡು ಪಟ್ಟಾದರೆ ಹೆಚ್ಚುವುದು ಮೂರೇ ಡೆಸಿಬೆಲ್, ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ 300 ದೊಡ್ಡದೋ 500 ದೊಡ್ಡದೋ ಎಂಬ ಜಗಳಕ್ಕೆ ಅರ್ಥವಿಲ್ಲ. ಅದೇ ವಾಟ್‌ಗೆ ಮೂರು ಡೆಸಿಬೆಲ್ ಹೆಚ್ಚು ಕೊಡುವ ಕ್ಯಾಬಿನೆಟ್ ತಂದರೆ ಆ್ಯಂಪ್ ದುಪ್ಪಟ್ಟಾದಂತೆಯೇ. ನೀನು "ವಾಲ್ವ್ ದನಿ" ಎಂದು ಮರುಳಾಗಿರುವುದರಲ್ಲಿ ಅರ್ಧ ಪಾಲು ಆ ಎಂಟು ಸ್ಪೀಕರ್‌ಗಳದು ಎಂದು ನಾನು ಪಂಥ ಕಟ್ಟುತ್ತೇನೆ. ಇನ್ನೊಂದು ಗುಟ್ಟು: ಹಗುರ ಹೆಡ್ಡಿನ 500 ವಾಟ್ ಸಾಮಾನ್ಯವಾಗಿ ನಾಲ್ಕು ಓಮ್‌ಗೆ ಹೇಳಿದ ಲೆಕ್ಕ. ಎಂಟು ಓಮ್‌ನ ಒಂದೇ ಕ್ಯಾಬಿನೆಟ್ ಹಾಕಿದರೆ ಸಿಗುವುದು ಅರ್ಧಕ್ಕಿಂತ ತುಸು ಹೆಚ್ಚು.

ಆದ್ದರಿಂದ ಹನ್ನೆರಡು ಇಂಚಿನ ಒಂದು, ಇಲ್ಲವೇ ಹತ್ತು ಇಂಚಿನ ಎರಡು ಸ್ಪೀಕರ್ ಇರುವ, ನಿಯೋಡೈಮಿಯಮ್ ಅಯಸ್ಕಾಂತದ ಕ್ಯಾಬಿನೆಟ್ ತೆಗೆದುಕೋ, ಎಂಟು ಓಮ್‌ನದು. ಅದೂ ಹಗುರವೇ, ಒಬ್ಬರೇ ಎತ್ತಬಹುದು. ಮುಂದೆ ಕಾಸು ಕೂಡಿದಾಗ ಅದರದೇ ಜೋಡಿ ತಂದು ಸೇರಿಸಿದರೆ ನಾಲ್ಕು ಓಮ್ ಆಗುತ್ತದೆ, ಹೆಡ್ಡಿನ ಪೂರ್ತಿ ಶಕ್ತಿ ಸಿಗುತ್ತದೆ. ದುಡ್ಡು ಸಾಲದಿದ್ದರೆ ಹೆಡ್ ಸೆಕೆಂಡ್ ಹ್ಯಾಂಡ್ ಇರಲಿ, ಕ್ಯಾಬಿನೆಟ್ ಒಳ್ಳೆಯದಿರಲಿ. "ಒಳಗೆ ಅಸಲಿ ಟ್ಯೂಬ್ ಇದೆ" ಎಂದು ಕಿಟಕಿಯಿಂದ ಕಿತ್ತಳೆ ಬೆಳಕು ತೋರಿಸುವ ಹಗುರ ಹೆಡ್ಡುಗಳಿಗೆ ಹೆಚ್ಚು ಹಣ ಕೊಡಬೇಡ. ಕೆಲವದರಲ್ಲಿ ಆ ಬೆಳಕು ವಾಲ್ವಿನ ಹಿಂದಿಟ್ಟ ಎಲ್‌ಇಡಿಯದು. ವಾಲ್ವಿನಂಥ ಒರಟು ಬೇಕೆನಿಸಿದಾಗ ಹೆಡ್ಡಿಗೂ ಮೊದಲು ಒಂದು ಒಳ್ಳೆಯ ಪ್ರೀಆ್ಯಂಪ್ ಪೆಡಲ್, ಅಂದರೆ ದನಿ ಹದಗೊಳಿಸುವ ಪುಟ್ಟ ಪೆಟ್ಟಿಗೆ, ಇಟ್ಟುಕೋ, ಅದು ಪಿಎಗೂ ಹೋಗುತ್ತದೆ, ಜನಕ್ಕೂ ಕೇಳುತ್ತದೆ. ನಿಜವಾದ ಎಸ್‌ವಿಟಿ ಬೇಕೇ ಬೇಕೆನ್ನುವ ದೊಡ್ಡ ಕಾರ್ಯಕ್ರಮ ಬಂದರೆ ಬಾಡಿಗೆಗೆ ತರಿಸು, ಹೊರುವವರು ಅವರೇ.

ಹಗುರದ್ದರ ಒಂದು ಚೇಷ್ಟೆ ಗೊತ್ತಿರಲಿ: ಕ್ಯಾಬಿನೆಟ್ ಅದುರುವಾಗ ಮೇಲಿಟ್ಟ ಹೆಡ್ ಇಂಚಿಂಚು ಜರುಗುತ್ತ ಹೋಗಿ ಕೆಳಗೆ ಬೀಳುತ್ತದೆ. ಕೆಳಗೆ ರಬ್ಬರ್ ಹಾಸು ಹಾಕು, ದಪ್ಪ ಕೇಬಲ್ ಜೋತುಬೀಳದಂತೆ ನೋಡಿಕೋ. ಅಮೆರಿಕದ ಅಣ್ಣನಿಂದ ತರಿಸುವ ಯೋಚನೆ ಇದ್ದರೆ ಹಿಂದಿನ ಫಲಕದಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ ಮೊದಲು ನೋಡಿಸು. ಗಣೇಶನ ಪೆಂಡಾಲಿನಲ್ಲಿ ಜನರೇಟರ್ ಮೇಲೆ ನುಡಿಸುವಾಗ ಮೈಕ್‌ಗೆ ತುಟಿ ತಗುಲಿ ಜುಮ್ಮೆಂದರೆ ಅದು ಅರ್ತಿಂಗ್ ಸಮಸ್ಯೆ, ಯಾವ ಆ್ಯಂಪಿದ್ದರೂ ಅಲ್ಲಿಗೇ ನಿಲ್ಲಿಸು. ಗುಂಯ್ ಎನ್ನುವ ಸದ್ದು ಬರುತ್ತದೆಂದು ಪ್ಲಗ್ಗಿನ ಮೂರನೇ ಪಿನ್ ಕೀಳುವವರ ಮಾತು ಕೇಳಬೇಡ.

ಇಷ್ಟಾದರೂ ನಿನ್ನ ಮನಸ್ಸು ಆ ಎಸ್‌ವಿಟಿಯ ಮೇಲೇ ಇದ್ದರೆ, ಅದು ಇಳಿದುಕೊಳ್ಳುವ ಜಾಗ ಒಂದೇ: ನಿಮ್ಮ ಬನಶಂಕರಿಯ ಜ್ಯಾಮ್ ರೂಮ್. ಅದು ನೆಲಮಹಡಿ. ನಾಲ್ವರೂ ಸೇರಿ ದುಡ್ಡು ಹಾಕಿ ಅಲ್ಲೇ ಇಟ್ಟುಬಿಡುವುದಾದರೆ ನಾನೂ ಒಂದು ಪಾಲು ಕೊಡುತ್ತೇನೆ, ವಾರಕ್ಕೊಮ್ಮೆ ಬಂದು ನುಡಿಸುವ ಹಕ್ಕು ನನ್ನದು. ಮನೆಗೆ ಮಾತ್ರ ತರಬೇಡ.

ಭಾನುವಾರ ನೋಡಲು ಹೋಗುವಾಗ ನಿನ್ನ ಬೇಸನ್ನೇ ಒಯ್ಯಿ. ಯಾರದಾದರೂ ಹಗುರ ಹೆಡ್ ಕೇಳಿ ತೆಗೆದುಕೊಂಡು ಹೋಗು, ಒಂದು ಸ್ಪೀಕರ್ ಕೇಬಲ್ ಕೂಡ. ಗಿಟಾರ್ ಕೇಬಲ್ ಅಲ್ಲ, ಸ್ಪೀಕರ್ ಕೇಬಲ್. ಆ ಎಂಟು ಸ್ಪೀಕರಿನ ಕ್ಯಾಬಿನೆಟ್ಟಿಗೆ ಮೊದಲು ಎಸ್‌ವಿಟಿ ಹಾಕಿ ನುಡಿಸು, ಆಮೇಲೆ ಅದನ್ನು ಆಫ್ ಮಾಡಿ ಹಗುರದ್ದನ್ನು ಹಾಕಿ ನುಡಿಸು. ವಾಲ್ವ್ ಹೆಡ್ಡನ್ನು ಸ್ಪೀಕರ್ ಇಲ್ಲದೆ ಮಾತ್ರ ಆನ್ ಮಾಡಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮಾರುವವರು ಅದನ್ನು ನಿನಗೇ ಕಟ್ಟುತ್ತಾರೆ. ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ಯಾವುದು ಯಾವುದೆಂದು ಹೇಳದೆ ಈ ಗುಂಪಿಗೆ ಹಾಕು. ದೊಡ್ಡಪ್ಪ ಇಯರ್‌ಫೋನ್ ಹಾಕಿಕೊಂಡು ಕೇಳಿ ಯಾವುದು ವಾಲ್ವ್ ಎಂದು ಹೇಳಲಿ.