ಅಪ್‌ಡೇಟ್: ವ್ಯಾಗೆಲೋಸ್ ಶಿಕ್ಷಣ ಕೇಂದ್ರವನ್ನು ನೋಡಿ ಬಂದೆವು

ವೈದ್ಯಕೀಯ ಓದಬೇಕೆಂದಿರುವ ಮಗಳೊಂದಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವ್ಯಾಗೆಲೋಸ್ ಶಿಕ್ಷಣ ಕೇಂದ್ರಕ್ಕೆ ಹೋದಾಗ ಏನನ್ನು ಗಮನಿಸಬೇಕೆಂದು ಕಳೆದ ತಿಂಗಳು ಕೇಳಿದ್ದೆ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿರೆಂದು ಸಲಹೆಯಿತ್ತವರಿಗೆ ಮೊದಲು ಧನ್ಯವಾದಗಳು.

2016ರಲ್ಲಿ ತೆರೆದ ಈ 14 ಅಂತಸ್ತಿನ ಕಟ್ಟಡದ ಜೀವವಿರುವುದು ದಕ್ಷಿಣ ಮುಖದಲ್ಲಿ. ಅಲ್ಲಿ ಗಾಜಿನ ಹಿಂದೆ ಮೆಟ್ಟಿಲುಗಳು ತಿರುತಿರುಗಿ ಮೇಲೇರುತ್ತವೆ; ಓದುವ ಮೂಲೆಗಳೂ ಕೂತು ಮಾತಾಡುವ ಜಾಗಗಳೂ ಅವುಗಳಿಗೇ ಬೆಸೆದುಕೊಂಡಿರುವುದರಿಂದ, ಮೇಲೆ ಹೋಗುವವರಿಗೆ ಪ್ರತಿ ತಿರುವಿನಲ್ಲೂ ಓದುತ್ತಿರುವ ಯಾರಾದರೊಬ್ಬರು ಎದುರಾಗುತ್ತಾರೆ. ವಾಸ್ತುಶಿಲ್ಪಿಗಳಾದ ಡಿಲ್ಲರ್ ಸ್ಕೋಫಿಡಿಯೋ ಮತ್ತು ರೆನ್‌ಫ್ರೋ ಸಂಸ್ಥೆಯವರು ಇದನ್ನು ‘ಸ್ಟಡಿ ಕ್ಯಾಸ್ಕೇಡ್’ ಎಂದು ಕರೆದಿದ್ದಾರೆ. ನನಗಂತೂ ನಮ್ಮೂರಿನ ಜಗಲಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಂಡಿತು. ಕೆಳಗೆ ಹಡ್ಸನ್ ನದಿ ಹರಿಯುತ್ತಿತ್ತು.

ಮಗಳ ಕಾಲು ನಿಂತದ್ದು ಮಾತ್ರ ಕೃತಕ ರೋಗಿಗಳ ಕೊಠಡಿಯ ಮುಂದೆ. ನಿಜವಾದ ರೋಗಿಯ ಕೈ ಹಿಡಿಯುವ ಮೊದಲು, ಎದೆ ಏರಿಳಿಯುವ, ನಾಡಿ ಮಿಡಿಯುವ ಗೊಂಬೆಯ ಮೇಲೆ ತಪ್ಪು ಮಾಡಿ ತಿದ್ದಿಕೊಳ್ಳುವ ಈ ಕ್ರಮ ಅವಳಿಗೆ ಬಹಳ ಹಿಡಿಸಿತು.

ಕಟ್ಟಡಕ್ಕೆ ಹೆಸರು ಕೊಟ್ಟ ರಾಯ್ ವ್ಯಾಗೆಲೋಸ್ ಅವರು, ತಾವು ಮರ್ಕ್ ಎಂಬ ಔಷಧ ಕಂಪನಿಯ ಮುಖ್ಯಸ್ಥರಾಗಿದ್ದಾಗ, ಕಣ್ಣು ಕಳೆಯಬಲ್ಲ ನದಿಕುರುಡು (ರಿವರ್ ಬ್ಲೈಂಡ್‌ನೆಸ್) ರೋಗಕ್ಕೆ ಔಷಧವನ್ನು ಉಚಿತವಾಗಿ ಕೊಡುವುದಾಗಿ 1987ರಲ್ಲಿ ಘೋಷಿಸಿದವರು ಎಂಬುದನ್ನು ಹಿಂತಿರುಗುವಾಗ ರೈಲಿನಲ್ಲಿ ಅವಳಿಗೆ ಹೇಳಿದೆ.

ಸಂಶೋಧನೆಯ ಬಗ್ಗೆ ಕೇಳಿದ್ದವರಿಗೆ ಒಂದು ಮಾತು: ಇದು ಮುಖ್ಯವಾಗಿ ಬೋಧನೆಗೆಂದೇ ಕಟ್ಟಿದ ಕಟ್ಟಡ, ಸಂಶೋಧನಾ ಪ್ರಯೋಗಾಲಯಗಳನ್ನು ನೋಡಬೇಕಾದರೆ ಅದೇ ಆವರಣದ ಬೇರೆ ಕಟ್ಟಡಗಳಿಗೆ ಹೋಗಬೇಕು.